ಯಾವಾಗ ಬರ್ತೀರ, ಅದು ಹೇಳಿ

— ಮಾವ, ಬರೋ ಭಾನುವಾರ ನಮ್ಮ ಆಫೀಸಿನವರು ಹದಿನಾಲ್ಕು ಜನ ತುಮಕೂರು ಕಡೆ ಬರ್ತಾರಂತೆ. ಒಂದು ಟೆಂಪೋ ಟ್ರಾವೆಲರ್ ಮಾಡ್ಕೊಂಡು ಬೆಳಿಗ್ಗೆ ಬಂದು ಸಂಜೆಗೆ ವಾಪಸ್ಸು. ನಿಮ್ಮೂರು ತಾನೆ, ನೋಡೋ ಜಾಗಗಳ ಪಟ್ಟಿ ಮಾಡು ಅಂತ ನನ್ನ ತಲೆಗೆ ಕಟ್ಟಿದಾರೆ.

— ಮೊದಲನೇದು ಗೂಳೂರು ಗಣಪ ಅಂತ ಬರ್ಕೊಂಡಿರಬೇಕಲ್ಲ?

— ಮತ್ತೆ? ಅವನನ್ನ ಬಿಟ್ಟು ಗೂಳೂರು ಇದೆಯಾ?

— ಹೊಡೆದುಹಾಕು. ಈಗಿನ್ನೂ ಶ್ರಾವಣ. ಅವನು ಕೆರೆಯೊಳಗೇ ಇದ್ದಾನೆ.

— ಕೆರೆಯೊಳಗೆ?

— ಮಣ್ಣಾಗಿ. ಊರೂರಲ್ಲೂ ಚೌತಿಗೆ ಗಣಪತಿ ಕೂತು, ಮೂರು ದಿನಕ್ಕೋ ಐದು ದಿನಕ್ಕೋ ನೀರಿಗೆ ಹೋಗ್ತಾನೆ. ನಮ್ಮಲ್ಲಿ ಚೌತಿ ದಿನ ಪೂಜೆ ಮಾಡಿ ಕೆಲಸಕ್ಕೆ ಕೈ ಹಾಕೋದು. ಬೇರೆಯವರದ್ದು ಮುಗಿಯೋ ಹೊತ್ತಿಗೆ ನಮ್ಮದು ಶುರು. ಭೃಗು ಮಹರ್ಷಿ ಹಾಕಿಕೊಟ್ಟ ಪದ್ಧತಿ ಅಂತ ಊರಲ್ಲಿ ಹೇಳ್ತಾರೆ. ಬಲಿಪಾಡ್ಯಮಿಗೆ ಪ್ರತಿಷ್ಠೆ, ಕಾರ್ತೀಕ ಪೂರ್ತಿ ಪೂಜೆ, ಆಮೇಲೆ ಜಾತ್ರೆ ಮಾಡಿ ಅದೇ ಗೂಳೂರು ಕೆರೆಗೆ ಬಿಡೋದು.

— ಅದು ನನಗೂ ಗೊತ್ತು. ಜಾತ್ರೆ ರಾತ್ರಿ ಅಮ್ಮ ನನ್ನ ಕೈ ಹಿಡಿದು ಎಳ್ಕೊಂಡು ಬರ್ತಿದ್ದಳು, ಮದ್ದು ಸುಡೋದು ನೋಡೋಕೆ.

— ನೀನು ನೋಡಿರೋದು ಮುಗಿದ ಗಣಪನನ್ನ. ಎಲ್ಲರೂ ನೋಡೋದು ಅವನನ್ನೇ. ಕಟ್ಟೋವಾಗ ಒಂದು ಸಲವಾದರೂ ಬಂದಿದೀಯ?

— ಇಲ್ಲ. ಆಗ ಬಂದ್ರೆ ಏನಿರುತ್ತೆ ನೋಡೋಕೆ?

— ಅದನ್ನೇ ಕೇಳ್ತಿರೋದು ನಾನು, ಏನಿರುತ್ತೆ ಅಂತ ನೋಡೋಕೆ ಯಾರೂ ಬರಲ್ಲವಲ್ಲ ಅಂತ. ಹತ್ತಿರ ಹತ್ತಿರ ಎರಡು ತಿಂಗಳ ಕೆಲಸ ಕಣಮ್ಮ ಅದು. ಕೆರೆಯ ಜೇಡಿಮಣ್ಣು, ಅದರಲ್ಲಿ ಕಲ್ಲು ಬೇರು ಆಯಬೇಕು, ನೀರು ಬಿಟ್ಟು ತುಳೀಬೇಕು. ಕಾಲಿಗೆ ಅಂಟಿಯೂ ಅಂಟದ ಹಾಗೆ ಬಿಡೋ ಹದಕ್ಕೆ ಬರಬೇಕು. ಒಂದು ವರಸೆ ಮೆತ್ತಿದರೆ ಅದು ಆರೋವರೆಗೂ ಕೈ ಕಟ್ಟಿ ಕೂರಬೇಕು. ಆರಿತು ಅಂದ್ರೆ ಬಿರುಕು ಬಿಡುತ್ತೆ, ಬಿರುಕಿಗೆ ಮತ್ತೆ ಹಸಿಮಣ್ಣು. ಭಾದ್ರಪದದ ಮಳೆ ಜಡಿ ಹಿಡಿದರೆ ಆರೋದೇ ಇಲ್ಲ, ಎಲ್ಲರೂ ಆಕಾಶ ನೋಡ್ತಾರೆ. ಮೊದಲು ಕಾಣೋದು ಒಂದು ಮಣ್ಣಿನ ಗುಡ್ಡೆ. ಆಮೇಲೆ ಅದು ಹೊಟ್ಟೆ ಅಂತ ಗೊತ್ತಾಗುತ್ತೆ. ಹೊಟ್ಟೆ ಬಂದ ಮೇಲೂ ಎಷ್ಟೋ ದಿನ ತಲೆಯಿಲ್ಲ. ಎರಡಾಳು ಎತ್ತರದ ದೇವರು, ಆದರೆ ಮೇಲೆ ಹತ್ತಿ ಕೆಲಸ ಮಾಡೋವನಿಗೆ ಕೆಳಗಿಂದ ಒಬ್ಬ ಮಣ್ಣಿನ ಮುದ್ದೆ ಎಸೀತಿರ್ತಾನೆ, ಬೀಡಿ ಎಲ್ಲಿಟ್ಟೆಯೋ ಅಂತ ಇನ್ನೊಬ್ಬ ಕೇಳ್ತಿರ್ತಾನೆ. ಕಾರ್ತೀಕದಲ್ಲಿ ಅದೇ ಜಾಗಕ್ಕೆ ಬಂದು ಅದೇ ಜನ ಕೈ ಮುಗಿದು ನಿಲ್ತಾರೆ. ಹದಿನೆಂಟು ಕೋಮಿನ ಗಣಪ ಅಂತಾರಲ್ಲ, ಆ ಮಾತು ನಿಜ ಅಂತ ಕಾಣೋದು ಮಣ್ಣು ತುಳಿಯೋವಾಗ. ಉತ್ಸವದ ದಿನ ಮೈಕು ಹಿಡಿದವರೇ ಕಾಣೋದು.

— ತಲೆ ಇಲ್ಲದ ಗಣಪತಿ ತೋರಿಸ್ತೀನಿ ಬನ್ನಿ ಅಂತ ಆಫೀಸಲ್ಲಿ ಹೇಳಲಾ?

— ಯಾಕೆ, ಪಾರ್ವತಿ ಮಾಡಿದ ಕಥೆಯಲ್ಲೂ ಅವನು ಸ್ವಲ್ಪ ಹೊತ್ತು ಹಾಗೇ ಇದ್ದನಲ್ಲ!

— ಸರಿ, ಗಣಪ ಬೇಡ. ಕೈದಾಳ ಇಟ್ಕೊಳ್ಳಲಾ? ಅದು ಕಲ್ಲಿಂದು. ಶ್ರಾವಣದಲ್ಲೂ ಇರುತ್ತೆ.

— ಅದನ್ನ ಬರ್ಕೋ. ನಮ್ಮೂರಿಂದ ನಡೆದು ಹೋಗೋಷ್ಟು ದೂರ. ನನಗೆ ಅದೇ ಒಂದು ಸೋಜಿಗ ನೋಡು. ಇಲ್ಲಿ ಪ್ರತಿ ವರ್ಷ ಕಟ್ಟಿ ಪ್ರತಿ ವರ್ಷ ಕರಗಿಸೋ ದೇವರು. ಅಲ್ಲಿ ಎಂಟುನೂರ ಎಪ್ಪತ್ತು ವರ್ಷದಿಂದ ಕದಲದೆ ನಿಂತ ಕೇಶವ. ಅಕ್ಕಪಕ್ಕದ ಊರು.

— ಜಕಣಾಚಾರಿ ಕೆತ್ತಿದ್ದು.

— ಶಾಸನ ಹೇಳೋದು ಬಾಚಿಯ ಹೆಸರು. ಗೂಳೆ ಬಾಚಿ, ಹೊಯ್ಸಳ ಒಂದನೇ ನರಸಿಂಹನ ಕಾಲದ ಸಾಮಂತ. 1150ರ ಹೊತ್ತಿಗೆ ಕಟ್ಟಿಸಿದ್ದು. ಕೇಶವನಿಗೊಂದು ಗುಡಿ, ಪಕ್ಕದಲ್ಲೇ ಶಿವನಿಗೊಂದು, ಜೊತೆಗೆ ಜಿನಾಲಯ. ಯಾರಿಗೂ ಬೇಜಾರು ಮಾಡದ ಮನುಷ್ಯ.

— ಹಾಗಾದ್ರೆ ಮಗ ಡಂಕಣ ಕಲ್ಲೊಳಗಿನ ಕಪ್ಪೆ ತೋರಿಸಿದ್ದು, ಜಕಣಾಚಾರಿ ಕೈ ಕಡ್ಕೊಂಡಿದ್ದು, ತಿರುಗಿ ಬಂದು ಊರಲ್ಲಿ ಗುಡಿ ಕಟ್ಟಿದ ಮೇಲೆ ಕೈ ಬಂದಿದ್ದು, ಎಲ್ಲಾ ಸುಳ್ಳಾ? ನೀವೇ ತಾನೆ ಚಿಕ್ಕವಳಿದ್ದಾಗ ನನಗೆ ಹೇಳಿದ್ದು?

— ಸುಳ್ಳು ಅಂತ ನಾನ್ಯಾಕೆ ಹೇಳಲಿ. ಕಥೆ ಊರಿನದು, ಶಾಸನ ಸರ್ಕಾರದ್ದು. 1964ರಲ್ಲಿ ಅಮರಶಿಲ್ಪಿ ಜಕಣಾಚಾರಿ ಸಿನಿಮಾ ಬಂತು, ಕನ್ನಡದಲ್ಲಿ ಪೂರ್ತಿ ಬಣ್ಣದ ಮೊದಲನೇ ಚಿತ್ರ. ಕಲ್ಯಾಣ್‌ಕುಮಾರ್ ಉಳಿ ಹಿಡಿದು ನಿಂತ ಮೇಲೆ ಬಾಚಿಯನ್ನ ಯಾರು ಕೇಳ್ತಾರೆ? ಅಲ್ಲಿ ಕಂಬವೊಂದರಲ್ಲಿ ಕೈ ಮುಗಿದು ನಿಂತ ಒಬ್ಬ ಮನುಷ್ಯನ ಸಣ್ಣ ಗೊಂಬೆ ಇದೆ, ಒಂದೂವರೆ ಅಡಿ ಇದ್ದೀತು. ಹುಡುಕಿ ನೋಡಿ. ಊರಿನವರು ಜಕಣಾಚಾರಿ ಅಂತಾರೆ, ಇತಿಹಾಸದ ಮೇಷ್ಟ್ರು ಬಾಚಿ ಅಂತಾರೆ. ಗೊಂಬೆ ಇಬ್ಬರಿಗೂ ಕೈ ಮುಗಿದುಕೊಂಡೇ ಇದೆ. ಮತ್ತೆ ಒಳಗೆ ಹೋದಾಗ ಅವಸರ ಮಾಡಬೇಡಿ. ಅರ್ಚಕರು ಆರತಿ ಎತ್ತಿದಾಗ ಮುಖ ಒಂದನ್ನೇ ನೋಡದೆ ಪ್ರಭಾವಳಿ ನೋಡಿ. ದಶಾವತಾರ ಸುತ್ತ ಕೆತ್ತಿದೆ, ಬೆಳಕು ಆಡೋವಾಗ ಮಾತ್ರ ಒಂದೊಂದಾಗಿ ಕಾಣುತ್ತೆ. ಕರೆಂಟು ದೀಪದಲ್ಲಿ ಎಲ್ಲಾ ಒಂದೇ ಸಲ ಕಂಡು ಏನೂ ಕಾಣಲ್ಲ.

— ದೇವರಾಯನದುರ್ಗ?

— ಭಾನುವಾರ ಹತ್ತು ಗಂಟೆ ಮೇಲೆ ಹೋದ್ರೆ ಬೆಟ್ಟ ಕಾಣಲ್ಲ, ಬೈಕು ಕಾಣುತ್ತೆ. ಬೆಳಿಗ್ಗೆ ಆರಕ್ಕೆ ಮೇಲಿದ್ರೆ ಹೇಳು. ಬಂಡೆ ಮೇಲೆ ಮಂಜು ಇನ್ನೂ ಏಳದೆ ಇರೋವಾಗ ಒಂದು ಮಾತು ಅವರಿಗೆ ತಿಳಿಸು. ಜಯಮಂಗಲಿಯೂ ಅಲ್ಲೇ ಹುಟ್ಟೋದು, ಶಿಂಷೆಯೂ ಅಲ್ಲೇ ಹುಟ್ಟೋದು. ಒಬ್ಬಳು ಬಡಗಲಾಗಿ ಇಳಿದು ಪಿನಾಕಿನಿ ಸೇರಿ ಆಂಧ್ರಕ್ಕೆ ಹೋಗ್ತಾಳೆ. ಇನ್ನೊಬ್ಬಳು ಗುಬ್ಬಿ ಸೀಮೆ, ಕಡಬದ ಕೆರೆ, ಕುಣಿಗಲ್ ಸೀಮೆ ಹಾದು ಕಾವೇರಿಗೆ ಬೀಳ್ತಾಳೆ. ಒಂದೇ ಬೆಟ್ಟದ ಮೇಲೆ ಬಿದ್ದ ಮಳೆ ಎರಡು ಪಾಲು. ನಾಮದ ಚಿಲುಮೆಗೆ ಇಳಿಯೋವಾಗ ಹೋಗಿ. ಅಲ್ಲಿ ರಾಮ ಬಾಣ ಬಿಟ್ಟು ನೀರು ಬರಿಸಿದ, ಹಣೆಗೆ ನಾಮ ಇಟ್ಕೊಳ್ಳೋಕೆ. ಬಂಡೆ ತೂತಲ್ಲಿ ಕೈ ಅದ್ದಿ ಬನ್ನಿ, ಹತ್ತು ನಿಮಿಷ ಸಾಕು.

— ಮಂದರಗಿರಿ? ಜೈನ ಮುನಿಗಳು ಹಿಡಿಯೋ ನವಿಲುಗರಿ ಪಿಂಛಿ ಹಾಗೆ ಕಟ್ಟಿದ ಗುರುಮಂದಿರ, ಎಂಬತ್ತೊಂದು ಅಡಿ. ಫೋಟೋ ತುಂಬ ಚೆನ್ನಾಗಿ ಬರುತ್ತೆ.

— ಬರುತ್ತೆ. ಹೋಗಿ, ತೆಕ್ಕೊಳ್ಳಿ. ನಾನಾದ್ರೆ ಮೇಲೆ ಹತ್ತಿ ಬಸದಿ ಕಟ್ಟೆ ಮೇಲೆ ಕೂತು ಮೈದಾಳದ ಕೆರೆ ನೋಡ್ತೀನಿ.

— ಊಟ? ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಬಿಟ್ಟರೆ ನನ್ನ ಮಾತಾಡಿಸಲ್ಲ ಅವರು.

— ಅದು ಊಟವಲ್ಲ, ತಿಂಡಿ. ಬಿಡದಿಯವರು ತಮ್ಮದೇ ಮೊದಲು ಅಂತಾರೆ, ಅನ್ನಲಿ. ಬೆಟ್ಟದಿಂದ ಇಳಿದು ಬಂದು ಹಸಿದ ಹೊಟ್ಟೇಲಿ ಬೆಣ್ಣೆ ಹಾಕಿಸ್ಕೊಂಡು ತಿನ್ನಲಿ, ವಾದ ಅಲ್ಲಿಗೆ ಮುಗಿಯುತ್ತೆ. ಅಲ್ಲಿಂದ ಮಠ ಹತ್ತಿರ. ಆದರೆ ಸಿದ್ಧಗಂಗೆಗೆ ಆಗ ಹೋಗಬೇಡಿ, ಸಂಜೆ ಹೋಗಿ.

— ಯಾಕೆ?

— ಬೆಳಿಗ್ಗೆ ಹೋದ್ರೆ ಕಟ್ಟಡ ನೋಡ್ತೀರ, ಗದ್ದುಗೆ ನೋಡ್ತೀರ. ಶಿವಕುಮಾರ ಸ್ವಾಮಿಗಳು 2019ರ ಜನವರಿ 21ಕ್ಕೆ ಹೋದ್ರು, ನೂರಾ ಹನ್ನೊಂದು ವರ್ಷ. ಅವತ್ತು ಈ ರಸ್ತೆಗಳಲ್ಲಿ ಕಾಲಿಡೋಕೆ ಜಾಗ ಇರಲಿಲ್ಲ. ಸಂಜೆ ಹೋದ್ರೆ ಮಕ್ಕಳ ಪ್ರಾರ್ಥನೆ. ಸಾವಿರಾರು ಮಕ್ಕಳು ಬಯಲಲ್ಲಿ ಸಾಲಾಗಿ ಕೂತಿರ್ತಾರೆ, ಯಾರ ಮಗ ಯಾವ ಜಾತಿ ಅಂತ ಬೆನ್ನು ನೋಡಿದ್ರೆ ಗೊತ್ತಾಗಲ್ಲ. ಹಿಂದಿನ ಸಾಲಿನ ಹುಡುಗರು ಪಿಸುಗುಟ್ಟಿ ನಗ್ತಿರ್ತಾರೆ, ಅವರ ಹತ್ತಿರ ನಿಂತ್ಕೊಳ್ಳಿ, ಚೆನ್ನಾಗಿರುತ್ತೆ. ಮಠದ ದನದ ಜಾತ್ರೆ ನೋಡಬೇಕಂದ್ರೆ ಶಿವರಾತ್ರಿ ಆಸುಪಾಸಿಗೆ ಬರಬೇಕು. ಹಳ್ಳಿಕಾರ್ ಜೋಡಿಗೆ ಟವೆಲ್ ಕೆಳಗೆ ಬೆರಳು ಹಿಡಿದು ರೇಟು ಮಾತಾಡೋದು ನಿಮ್ಮ ಆಫೀಸಿನವರು ಕಲೀಬೇಕಾದ್ದು.

— ಮಾವ, ನೀವು ಯಾವ ಜಾಗ ಹೇಳಿದ್ರೂ ಬೇರೆ ತಿಂಗಳು ಹೇಳ್ತೀರ. ಅವರಿಗೆ ಇರೋದು ಒಂದೇ ಭಾನುವಾರ!

— ಜಾಗಕ್ಕೆ ಭಾನುವಾರ ಗೊತ್ತಾ? ಚೇಳೂರು ಕಡೆ ಹಲಸು ಶ್ರಾವಣಕ್ಕೆ ಕಾಯುತ್ತಾ? ಸಿದ್ದು ಹಲಸು ಅಂತ ಹೆಸರು ಮಾಡಿತಲ್ಲ, ತಾಮ್ರಗೆಂಪು ತೊಳೆ, ಹಣ್ಣು ಸಣ್ಣದು, ಗುಬ್ಬಿ ತಾಲ್ಲೂಕಿನ ತೋಟದ್ದು. ಹಿರೇಹಳ್ಳಿ ತೋಟಗಾರಿಕೆ ಕೇಂದ್ರದವರು ಕಸಿ ಕಟ್ಟಿ ಊರೂರಿಗೆ ಹಂಚಿದ್ರು. ಮೇ, ಜೂನಿನಲ್ಲಿ ಆ ರಸ್ತೆಯಲ್ಲಿ ಕಣ್ಣು ಮುಚ್ಚಿಕೊಂಡು ಬೈಕ್ ಓಡಿಸಿದ್ರೂ ಚೇಳೂರು ಬಂತು ಅಂತ ಮೂಗು ಹೇಳುತ್ತೆ.

— ಗುಬ್ಬಿಗೆ ಹೋದ್ರೆ ವೀರಣ್ಣನವರ ಏನಾದ್ರೂ ನೋಡಬಹುದಾ? ನಮ್ಮಲ್ಲಿ ಒಬ್ಬಳು ರಂಗಶಂಕರದಲ್ಲಿ ನಾಟಕ ಮಾಡ್ತಾಳೆ, ಕೇಳಿದಳು.

— ಅವರ ಹೆಸರಿನ ರಂಗಮಂದಿರ ಇದೆ. ತುಮಕೂರಲ್ಲೂ ಅವರ ಹೆಸರಿನ ಕಲಾಕ್ಷೇತ್ರ ಇದೆ. ಗುಬ್ಬಿ ಚನ್ನಬಸವೇಶ್ವರ ನಾಟಕ ಕಂಪನಿ 1884ರಲ್ಲಿ ಕಟ್ಟಿದ್ದು. ಹುಡುಗನಾಗಿ ಸೇರಿದ ವೀರಣ್ಣ ಅದರ ಯಜಮಾನರೇ ಆದರು. ಕುರುಕ್ಷೇತ್ರ ಆಡಿದಾಗ ರಂಗದ ಮೇಲೆ ನಿಜವಾದ ಆನೆ, ಕುದುರೆ ತಂದ್ರು. ರಾಜ್‌ಕುಮಾರ್ ಅಲ್ಲಿಂದ ಬಂದವರು, ಬಿ.ವಿ. ಕಾರಂತರು ಹುಡುಗನಾಗಿ ಅಲ್ಲಿದ್ದವರು. ಆದರೆ ಇದನ್ನೆಲ್ಲ ನೋಡೋಕೆ ಗುಬ್ಬಿ ಪೇಟೆಗೆ ಹೋದ್ರೆ ಬಸ್‌ಸ್ಟ್ಯಾಂಡ್ ಸಿಗುತ್ತೆ. ಗೋಸಲ ಚನ್ನಬಸವೇಶ್ವರನಿಗೆ ಕೈ ಮುಗಿದು ಬರಬಹುದು. ವೀರಣ್ಣನವರನ್ನ ನೋಡಬೇಕಂದ್ರೆ ಸುಗ್ಗಿ ಆದಮೇಲೆ ಬರಬೇಕು, ರಾತ್ರಿ.

— ಮತ್ತೆ ಬೇರೆ ತಿಂಗಳು.

— ಕೇಳು. ತುಮಕೂರು, ಗುಬ್ಬಿ, ಕುಣಿಗಲ್ ಈ ಮೂರೂ ತಾಲ್ಲೂಕಲ್ಲಿ ಇವತ್ತಿಗೂ ಯಾವುದಾದ್ರೂ ಹಳ್ಳೀಲಿ ಬೇಸಿಗೆ ರಾತ್ರಿ ಕುರುಕ್ಷೇತ್ರ ನಡೀತಿರುತ್ತೆ. ಪಾರ್ಟು ಮಾಡೋರು ದುಡ್ಡು ತೆಗೆದುಕೊಳ್ಳಲ್ಲ, ದುಡ್ಡು ಕೊಡ್ತಾರೆ. ದುರ್ಯೋಧನ ಆಗಬೇಕು, ಕೃಷ್ಣ ಆಗಬೇಕು ಅಂದ್ರೆ ಜಾಸ್ತಿ. ದ್ವಾರಪಾಲಕನಿಗೆ ಕಮ್ಮಿ. ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ಬಂದು ತಿದ್ದುತ್ತಾರೆ. ಸೀನರಿಯವರು ಲಾರೀಲಿ ಅರಮನೆ, ಕಾಡು, ಕೈಲಾಸ ತಂದು ಕಟ್ಟುತ್ತಾರೆ. ಹಗಲೆಲ್ಲಾ ಅಡಿಕೆ ಸುಲಿದವನು ರಾತ್ರಿ ಹನ್ನೊಂದಕ್ಕೆ ಕಿರೀಟ ಇಟ್ಕೊಂಡು ಬಂದು ಆಲಾಪ ಎತ್ತುತ್ತಾನೆ. ಎದುರು ಕೂತ ಭಾವಮೈದ ಎದ್ದು ಹೋಗಿ ಹಾರ ಹಾಕಿ ಬರ್ತಾನೆ, ಯುದ್ಧ ಅಲ್ಲೇ ನಿಲ್ಲುತ್ತೆ. ಒನ್ಸ್‌ಮೋರ್ ಬಂದ್ರೆ ಸತ್ತ ಅಭಿಮನ್ಯು ಎದ್ದು ಇನ್ನೊಂದು ಸಲ ಹಾಡಿ ಮತ್ತೆ ಸಾಯ್ತಾನೆ. ಬೆಳಗಿನ ಜಾವ ಭೀಮ ತೊಡೆ ಮುರಿಯೋ ಹೊತ್ತಿಗೆ ನಿದ್ದೆ ಮಾಡದೆ ಕೂತಿರೋದು ಅವನ ಹೆಂಡತಿ, ಮೇಷ್ಟ್ರು, ಇನ್ನು ನಾಲ್ಕೈದು ನಮ್ಮಂಥ ಹುಚ್ಚರು. ನಿನ್ನ ಸ್ನೇಹಿತೆಯನ್ನ ಅದಕ್ಕೆ ಕರ್ಕೊಂಡು ಬಾ.

— ನೀವೂ ಮಾಡಿದ್ರಂತಲ್ಲ. ಅತ್ತೆ ಹೇಳಿದಾರೆ.

— ಅಶ್ವತ್ಥಾಮ. ಹಾಡು ಕಮ್ಮಿ, ದುಡ್ಡೂ ಕಮ್ಮಿ. ಮುಂದಿನದು ಕೇಳು.

— ಕುಣಿಗಲ್. ಅತ್ತೆ ಕೇಳಿಸ್ಕೊಳ್ತಿದಾರೆ, ನೋಡ್ಕೊಂಡು ಮಾತಾಡಿ.

— ಅವಳ ತವರು ಅಂತ ಹೇಳ್ತಿಲ್ಲ, ಕುಣಿಗಲ್ ಕೆರೆ ತುಂಬಿದಾಗ ನೋಡಬೇಕು. ಜನಪದದವರು ಸುಮ್ಮನೆ ಹಾಡು ಕಟ್ಟಲಿಲ್ಲ. ತುಂಬದಿದ್ದಾಗ ಮಾತ್ರ ಹಾಡನ್ನ ನೆನೆಸ್ಕೊಂಡು ಬೇಜಾರಾಗುತ್ತೆ. ಈಗಂತೂ ಹೇಮಾವತಿ ನೀರು ಅಂದ ತಕ್ಷಣ ಜಗಳ. ಎಕ್ಸ್‌ಪ್ರೆಸ್ ಕೆನಾಲ್ ಬೇಕು ಅಂತ ಕುಣಿಗಲ್‌ನವರು, ಬಂದ್ರೆ ನಮ್ಮ ಪಾಲು ಹೋಯ್ತು ಅಂತ ಗುಬ್ಬಿಯವರು. ಇವಳ ಅಣ್ಣನ್ನ, ನಿಮ್ಮ ಗುಬ್ಬಿ ಚಿಕ್ಕಪ್ಪನ್ನ ಮದುವೆ ಮನೇಲಿ ಒಂದೇ ಪಂಕ್ತೀಲಿ ಕೂರಿಸೋದು ಬಿಟ್ಟಿದೀವಿ ನಾವು.

— ಕುದುರೆ ಫಾರಂ?

— ಟಿಪ್ಪು ಕಾಲದ್ದು. ಒಳಗೆ ಬಿಡಲ್ಲ. ಹೆದ್ದಾರಿಯಿಂದ ಬೇಲಿಯಾಚೆ ಮರಿ ಓಡೋದು ಕಂಡರೆ ನಿಮ್ಮ ಅದೃಷ್ಟ. ಅದಕ್ಕಿಂತ ಮಾರ್ಕೋನಹಳ್ಳಿಗೆ ಹೋಗಿ. ಬೆಟ್ಟದಲ್ಲಿ ಶಿಂಷೆ ಅಂತ ಹೇಳಿದೆನಲ್ಲ, ಆ ನೀರು ಅಲ್ಲಿ ಬಂದು ನಿಲ್ಲುತ್ತೆ. ಮಹಾರಾಜರ ಕಾಲದ ಕಟ್ಟೆ. ಅದಕ್ಕೆ ಸೈಫನ್ ಇಟ್ಟಿದಾರೆ. ಗೇಟು ತಿರುಗಿಸೋ ಆಳು ಬೇಡ. ನೀರು ಒಂದು ಮಟ್ಟ ದಾಟಿತು ಅಂದ್ರೆ ಒಳಗಿನ ಗಾಳಿ ಹೊರಬಿದ್ದು ತಾನೇ ಎಳೆಯೋಕೆ ಶುರು ಮಾಡುತ್ತೆ, ಮಟ್ಟ ಇಳಿದ ಮೇಲೆ ತಾನೇ ನಿಲ್ಲುತ್ತೆ. ಪೆಟ್ರೋಲ್ ಪೈಪಲ್ಲಿ ಬಾಯಿ ಇಟ್ಟು ಎಳೀತಾರಲ್ಲ, ಅದೇ ಲೆಕ್ಕ.

— ಇದು ಶ್ರಾವಣದಲ್ಲಿ ನಡೆಯುತ್ತೆ!

— ಮಳೆ ಆಗಿದ್ರೆ. ಮೇಲಿಂದ ನೋಡಬೇಕು, ಅಷ್ಟೆ. ಕೆಳಗೆ ಹರಿವಿಗೆ ಇಳಿಯೋ ಮಾತೇ ಇಲ್ಲ. ಮೊಣಕಾಲುದ್ದ ನೀರು ಅಂತ ಆಡ್ತಾ ನಿಂತವರನ್ನ ಸೈಫನ್ ಎಳೆದುಬಿಟ್ಟಿದೆ, ಮನೆಮಂದಿಯೆಲ್ಲ ಕೊಚ್ಚಿಕೊಂಡು ಹೋಗಿದಾರೆ. ಇದನ್ನ ದಪ್ಪ ಅಕ್ಷರದಲ್ಲಿ ಬರ್ಕೋ. ಇಳಿಯೋ ಬುದ್ಧಿಯವರು ಒಬ್ಬರಿದ್ರೂ ಎಡೆಯೂರಿಗೆ ಹೋಗಿ ಸಿದ್ಧಲಿಂಗೇಶ್ವರನ ದಾಸೋಹದಲ್ಲಿ ಉಂಡು ಹಿಂದಕ್ಕೆ ಬನ್ನಿ.

— ಸರಿ, ಇದೆಲ್ಲ ಅವರಿಗೆ ಆಯ್ತು. ನಿಮಗೆ ಯಾವುದು? ಯಾರೂ ಇಲ್ಲದಿದ್ದಾಗ ನೀವೊಬ್ಬರೇ ಎಲ್ಲಿಗೆ ಹೋಗ್ತೀರ?

— ಯಾಕೆ ಕೇಳ್ತೀಯ?

— ಅತ್ತೆ ದೂರು ಕೊಟ್ಟಿದಾರೆ. ರಾತ್ರಿ ಊಟ ಆದಮೇಲೆ ಟಾರ್ಚು ತಗೊಂಡು ಕುಣಿಗಲ್ ರಸ್ತೆ ಹಿಡೀತಾರೆ ಅಂತ.

— ನಾಗವಲ್ಲಿ ಕಡೆ. ಕಾಡುಪಾಪ ನೋಡೋಕೆ.

— ಅಯ್ಯೋ, ಇಲ್ಲೇ ಇದೆಯಾ ಅದು? ನಾನು ದೊಡ್ಡ ಕಾಡಲ್ಲಿ ಇರುತ್ತೆ ಅಂದ್ಕೊಂಡಿದ್ದೆ.

— ಕಾಡು ಎಲ್ಲಿದೆ ನಾಗವಲ್ಲೀಲಿ? ಹೊಲ, ತೋಟ, ನಡುವೆ ಹಳೇ ಬೇಲಿಸಾಲು. ಅದಕ್ಕೆ ಅಷ್ಟೇ ಸಾಕು, ಆದರೆ ಸಾಲು ತುಂಡಾಗಬಾರದು. ಅದು ಜಿಗಿಯೋ ಪ್ರಾಣಿ ಅಲ್ಲ. ಒಂದು ಕೈ ಬಿಡೋಕೆ ಮೊದಲು ಇನ್ನೊಂದು ಕೈ ಕೊಂಬೆ ಹಿಡಿದಿರಬೇಕು. ಟಾರ್ಚಿಗೆ ಕೆಂಪು ಕಾಗದ ಕಟ್ಟಬೇಕು, ಬಿಳಿ ಬೆಳಕು ಆ ಕಣ್ಣಿಗೆ ಆಗಲ್ಲ. ಮಾತಾಡಬಾರದು. ಮೆಲ್ಲಗೆ ಬೇಲಿ ಉದ್ದಕ್ಕೂ ಬೆಳಕು ಆಡಿಸ್ತಾ ಹೋದ್ರೆ ಒಂದು ಕಡೆ ಎರಡು ಚುಕ್ಕಿ ಹೊಳೆಯುತ್ತೆ. ಅಲ್ಲೇ ನಿಂತುಬಿಡಬೇಕು. ಸ್ವಲ್ಪ ಹೊತ್ತಿಗೆ ಮುಖ ತಿಳಿಯುತ್ತೆ, ಮುಖದ ತುಂಬ ಕಣ್ಣೇ. ಬಾಲ ಇಲ್ಲ, ಕಡ್ಡಿಯಂಥ ಕೈಕಾಲು. ಒಂದು ಹುಳ ಕಂಡ್ರೆ ಹಿಂಗಾಲಲ್ಲಿ ಕೊಂಬೆ ಹಿಡಿದು, ಎರಡೂ ಕೈ ಚಾಚಿ ತಬ್ಬೋ ಹಾಗೆ ಹಿಡಿಯುತ್ತೆ. ಹಿಡಿದ ಮೇಲೆ ಕಣ್ಣು ಮುಚ್ಚಿ ಅಗಿಯುತ್ತೆ. ನಾನು ನೋಡಿದಾಗೆಲ್ಲ ಹಾಗೇ ಮಾಡಿದೆ.

— ನನ್ನ ಒಂದು ದಿನವೂ ಕರ್ಕೊಂಡು ಹೋಗಿಲ್ಲ ನೀವು.

— ನೀನು ಸುಮ್ಮನಿರೋ ಹುಡುಗಿ ಆಗಿದ್ದೆಯಾ? ಮೊದಲೆಲ್ಲ ಅದನ್ನ ಹಿಡಿದು ಮಾಟ ಮಂತ್ರಕ್ಕೆ ಮಾರೋರು. ಈಗ ಕಾನೂನು ಬಿಗಿ ಇದೆ, ಊರಿನ ಹುಡುಗರಿಗೂ ಪ್ರೀತಿ ಬಂದಿದೆ. ಆದರೆ ಬೇಲಿ ಕಿತ್ತು ಕಲ್ಲುಕಂಬ ನೆಟ್ಟು ತಂತಿ ಎಳೆದ್ರೆ ಅದಕ್ಕೆ ದಾರಿ ಇಲ್ಲ. ನಿನ್ನ ತಾತ ಕಳ್ಳಿ, ಲಾಂಟಾನ, ಹೊಂಗೆ ಅಂತ ಏನು ಬೆಳೆದ್ರೂ ಬೇಲೀಲಿ ಬಿಟ್ಟಿದ್ದರು. ಸೋಮಾರಿ ಅಂತ ಬೈಸ್ಕೊಂಡ್ರು. ಈಗ ಸೈಟು ಮಾಡೋರು ಮೊದಲು ಜೆಸಿಬಿ ತರೋದೇ ಬೇಲಿಗೆ.

— ಹದಿನಾಲ್ಕು ಜನ ಮಾತಾಡದೆ ಬರ್ತೀವಿ ಅಂದ್ರೆ?

— ಹದಿನಾಲ್ಕು ಜನಕ್ಕೆ ಅಲ್ಲಿ ಏನೂ ಇಲ್ಲ. ನೀನೊಬ್ಬಳು ಬಾ, ಚೌತಿ ಕಳೆದ ಮೇಲೆ. ಹಗಲು ಗಣಪನ ಹೊಟ್ಟೆ ಎಷ್ಟು ಬಂದಿದೆ ನೋಡೋಣ, ರಾತ್ರಿ ನಾಗವಲ್ಲಿಗೆ ಹೋಗೋಣ. ಎರಡಕ್ಕೂ ಟಿಕೆಟ್ಟಿಲ್ಲ.

— ಈ ಭಾನುವಾರಕ್ಕೆ ಏನು ಬರೀಲಿ, ಅದು ಹೇಳಿ ಈಗ.

— ಬರ್ಕೋ. ಆರಕ್ಕೆ ದೇವರಾಯನದುರ್ಗ. ಎಂಟೂವರೆಗೆ ಇಡ್ಲಿ. ಮಂದರಗಿರಿ, ಫೋಟೋ. ಹನ್ನೊಂದರ ಒಳಗೆ ಕೈದಾಳ, ಮಧ್ಯಾಹ್ನ ಬಾಗಿಲು ಹಾಕಿಬಿಡ್ತಾರೆ. ಊಟ ನಮ್ಮನೇಲಿ. ಆಮೇಲೆ ಗೂಳೂರು ಕೆರೆ ಏರಿ ಮೇಲೆ ಒಂದು ನಡಿಗೆ, ಸಂಜೆ ಮಠದ ಪ್ರಾರ್ಥನೆ, ಹಾಗೇ ಹೆದ್ದಾರಿ.

— ಕೆರೆ ಏರಿ ಮೇಲೆ ನಿಂತು ಗಣಪ ಇಲ್ಲೇ ಇದ್ದಾನೆ ಅಂತ ತೋರಿಸಲಾ?

— ತೋರಿಸು. ನಂಬಿದವರು ಕಾರ್ತೀಕಕ್ಕೆ ಬರ್ತಾರೆ.

— ಕಾಡುಪಾಪದ ವಿಷಯ?

— ಹೇಳು. ಯಾವ ಬೇಲಿ ಅಂತ ಮಾತ್ರ ಹೇಳಬೇಡ. ಅದಿರಲಿ, ಮುದ್ದೆ ನುಂಗೋಕೆ ಬಾರದವರು ಎಷ್ಟು ಜನ ಅಂತ ಇವತ್ತೇ ಫೋನ್ ಮಾಡಿ ಕೇಳು. ನಿಮ್ಮತ್ತೆ ಅಕ್ಕಿ ಅಳೆದಿಟ್ಕೋಬೇಕು.